ಮೇಲೆ ನಿಂತವನು

ಅಣ್ಣಾ,

ನೀನು ಓದುವುದಿಲ್ಲ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ. ನೀನು ಉಸಿರುಗಟ್ಟಿ ಹೋದ ಮ್ಯಾನ್‌ಹೋಲ್‌ನ ಪಕ್ಕದ ಗುಂಡಿಯಲ್ಲೇ ಇವತ್ತು ಪೈಪು ಜೋಡಿಸಿದೆವು. ಈಗ ನಮಗೆ ಗ್ಯಾಸ್ ಮೀಟರು ಬಂದಿದೆ. ಮೊದಲು ಅದನ್ನು ಹಗ್ಗಕ್ಕೆ ಕಟ್ಟಿ ಇಳಿಸುತ್ತೇವೆ. ಅದು ಬೊಬ್ಬೆ ಹೊಡೆದರೆ ಯಾರೂ ಇಳಿಯುವಂತಿಲ್ಲ. ಇಳಿಯುವವನ ಸೊಂಟಕ್ಕೆ ಬೆಲ್ಟು, ಬೆಲ್ಟಿಗೆ ಹಗ್ಗ. ಹಗ್ಗ ಹಿಡಿದು ಮೇಲೆ ನಿಂತವನು ಜಾಗ ಬಿಟ್ಟು ಕದಲಬಾರದು ಅಂತ ಬೋರ್ಡು ಬೇರೆ ಹಾಕಿದ್ದಾರೆ. ನೀನೊಬ್ಬ ಹೋದ ಮೇಲೆ ಎಲ್ಲರಿಗೂ ಬುದ್ಧಿ ಬಂದಿದೆ ನೋಡು.

ಇವತ್ತು ಭಾವ ಕೆಳಗಿಳಿದಿದ್ದರು, ನಾನು ಮೇಲಿದ್ದೆ. ಮೇಸ್ತ್ರಿ ಅದೇ ಬೋರ್ಡಿಗೆ ಒರಗಿಕೊಂಡು, "ಲೋ, ಓಡಿಹೋಗಿ ಒಂದು ಟೀ ತಗೊಂಡು ಬಾರೋ" ಅಂದ.

"ಆಗಲ್ಲ. ಮೇಲಿರೋನು ಕದಲಬಾರದು."

"ಐದು ನಿಮಿಷಕ್ಕೆ ಏನೋ ಮುಳುಗಿಹೋಗುತ್ತೆ?"

ನಾನು ಹಗ್ಗ ಬಿಡಲಿಲ್ಲ. ಅವನು ಗೊಣಗುತ್ತ ತಾನೇ ಹೋಗಿ ಕುಡಿದು ಬಂದ. ಅಷ್ಟೇ ಕಣಣ್ಣ. ಅಷ್ಟು ಸುಲಭವಿತ್ತು.

ನೀನು ಇಳಿದಿದ್ದ ದಿನವೂ ಅವನು ನನ್ನನ್ನು ಕೇಳಿದ್ದು ಇದನ್ನೇ, ಇದೇ ಮಾತಿನಲ್ಲಿ. ನಾನು ಓಡಿಹೋಗಿ ತಂದೆ. ನಿನ್ನನ್ನು ಮೇಲೆತ್ತಿ ಮಲಗಿಸಿದಾಗ ಆ ಟೀ ಇನ್ನೂ ಬಿಸಿಯಾಗಿಯೇ ಇತ್ತು.