ರೇಷ್ಮೆ ಹಾಸಿನ ಕೆಳಗೆ ಆಸ್ಟಿನ್

ಅಪ್ಪಾ,

ನಿಮ್ಮ ಆಸ್ಟಿನ್ ಸೆವೆನ್ ಮಾರಾಟಕ್ಕಿದೆ ಎಂದು ಜಾಹೀರಾತು ಹಾಕಿದ್ದೆ. ಇವತ್ತು ಚಳ್ಳಕೆರೆಯಿಂದ ನಾಗರಾಜಪ್ಪನವರು ನೋಡಲು ಬಂದರು. ಹ್ಯಾಂಡಲ್ ತಿರುಗಿಸಿದ್ದೇ ತಡ, ಬ್ರಿಟಿಷರ ಕಾಲದ ಆ ಪುಟ್ಟ ಕಾರು ಕೆಮ್ಮಿಕೊಂಡು ಎದ್ದಿತು. ನೀವಿದ್ದಾಗ ಒಮ್ಮೆಯೂ ಹತ್ತದ ಅವ್ವ ಸೆರಗು ಸಿಕ್ಕಿಸಿಕೊಂಡು ಮುಂದೆ, ಓಡಿಸಲು ಕೂತ ಅವರ ಪಕ್ಕದಲ್ಲೇ ಕೂತುಬಿಟ್ಟಳು!

ಮೊಳಕಾಲ್ಮೂರಿನ ನಮ್ಮ ಬೀದಿಯುದ್ದಕ್ಕೂ ನೇಕಾರರು ಮಗ್ಗಕ್ಕೇರಿಸುವ ಮುನ್ನ ಸೀರೆಯ ಉದ್ದನೆಯ ರೇಷ್ಮೆ ಎಳೆಗಳ ಹಾಸು ಎಳೆದು ಕಟ್ಟಿದ್ದರು. ಹಿಂದೆಲ್ಲ ಅದನ್ನು ಸುತ್ತಿಡುವವರೆಗೆ ನೀವು ಕಾರು ನಿಲ್ಲಿಸಿಕೊಂಡು ಬೀದಿಯ ತುದಿಯಲ್ಲೇ ಸುಮ್ಮನೆ ಕಾಯುತ್ತಿದ್ದಿರಿ. ಇವತ್ತು ಅವ್ವ ಕೈಚಾಚಿ ಹಾರ್ನ್ ಒತ್ತಿ ಕೂಗಿಯೇಬಿಟ್ಟಳು.

"ಲೇ, ಎತ್ರೋ ಮೇಲಕ್ಕೆ!"

ನೇಕಾರರೆಲ್ಲ ನಗುತ್ತಾ ಎರಡೂ ಕಡೆ ನಿಂತು ಹಾಸನ್ನು ತಲೆಯ ಮೇಲಕ್ಕೆತ್ತಿದರು. ಕೆಂಪು ರೇಷ್ಮೆಯ ಕೆಳಗೆ ಅವ್ವ ಮದುಮಗಳಂತೆ ತಲೆ ತಗ್ಗಿಸಿ ಸಾಗಿದಳು.

"ಎಷ್ಟಕ್ಕೆ ಕೊಡ್ತೀರವ್ವಾ?" ನಾಗರಾಜಪ್ಪನವರು ಕೇಳಿದರು.

"ಆ ಮಾತು ಆಮೇಲೆ. ಇನ್ನೊಂದು ಸುತ್ತು ಹೊಡೀರಿ."

ನಾನು ಹಿಂದೆ ಕೂತಿದ್ದೆ. ಒಂದೇ ಒಂದು ಸಲ ನೀವೂ ಹಾರ್ನ್ ಒತ್ತಬಾರದಿತ್ತೇ, ಅಪ್ಪಾ?