ಪೂವಕ್ಕೆಯ ಎಲೆ

ಬಂಟ್ವಾಳ
8-10-1961, ಆದಿತ್ಯವಾರ

ಚಿ|| ಸೌ|| ಪ್ರಫುಲ್ಲಾಳಿಗೆ,

ನಿನ್ನ ಅಣ್ಣ ಸುಧಾಕರನ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ. ನೀನು, ಮಕ್ಕಳು, ಹುಕ್ರಪ್ಪ ಮಾಸ್ಟ್ರು ಕ್ಷೇಮವೆಂದು ನಂಬಿದ್ದೇನೆ. ಕಾಗದ ಬರೆಯುವುದು ಸ್ವಲ್ಪ ತಡವಾಯಿತು. ಹನ್ನೊಂದು ವರ್ಷ ತಡವಾಯಿತು. ಬಂಟ್ವಾಳದಿಂದ ಮೂಡುಬಿದಿರೆಗೆ ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮೊದಲು ತಲುಪಬಹುದು ಎಂಬುದು ನನಗೆ ಗೊತ್ತು. ಕೋರ್ಟಿನ ವಾಯಿದೆಗಳಿಗೆ ಒಂದು ದಿನವೂ ತಪ್ಪದ ವಕೀಲರ ಗುಮಾಸ್ತನೇ ತಂಗಿಯ ವಿಷಯದಲ್ಲಿ ಹೀಗೆ ತಪ್ಪಿದ. ಕ್ಷಮಿಸು ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆದಿದ್ದೇನೆ.

ನೀನು ಮಾಸ್ಟ್ರನ್ನು ಮದುವೆಯಾದ ದಿನ, ಊರಿನ ಮನೆಯಲ್ಲಿ ನಿನ್ನ ಹೆಸರು ಎತ್ತಬಾರದೆಂದು ಶೀನಪ್ಪ ಮಾವ ಹೇಳಿದರು. ನಾವು ಎತ್ತಲಿಲ್ಲ. ಆ ಮಾವ ಕಳೆದ ವೈಶಾಖದಲ್ಲಿ ತೀರಿಕೊಂಡರು. ಈಗ ಬೆಳ್ತಂಗಡಿಯ ನಮ್ಮ ನೆಲ್ಲಿಮಾರು ಮನೆಯ ಯಜಮಾನಿಕೆ ನನ್ನ ತಲೆಗೆ ಬಂದಿದೆ. ಹಾಗಾಗಿ ನಿನ್ನನ್ನು ಒಂದು ಮಾತು ಕೇಳಲಿಕ್ಕಿದೆ. ಬರುವ ದೀಪಾವಳಿಗೆ ನೀನು ಮನೆಗೆ ಬರಬೇಕು, ಮಾಸ್ಟ್ರನ್ನೂ ಮಕ್ಕಳನ್ನೂ ಕರೆದುಕೊಂಡು. ಈಗಲೇ ಇಲ್ಲ ಎನ್ನಬೇಡ. ಪೂರ್ತಿ ಓದಿದ ಮೇಲೆ ತೀರ್ಮಾನ ಮಾಡು. ಯಾಕೆಂದರೆ ನನ್ನ ಹತ್ತಿರ ಒಂದು ಸುದ್ದಿಯಿದೆ, ಅದನ್ನು ನಿನಗೆ ಹೇಳದಿದ್ದರೆ ನನ್ನ ಹೊಟ್ಟೆ ಒಡೆದು ಹೋದೀತು.

ಪೂವಕ್ಕೆಯ ನೆನಪಿದೆಯಾ ನಿನಗೆ? ಅಮ್ಮನ ಅಜ್ಜಿಯ ಅಕ್ಕ. ನೇತ್ರಾವತಿಯ ನೆರೆಗೆ ಕೊಚ್ಚಿಹೋದವಳು. ದೀಪಾವಳಿಯಲ್ಲಿ ತೀರಿಹೋದ ಹಿರಿಯರಿಗೆ ಎಲೆ ಹಾಕಿ ಅಗೆಲು ಬಡಿಸುವಾಗ ಸಾಲಿನ ಕಡೆಯ ಎಲೆ ಅವಳದ್ದು. ನೀನು ಹಟ ಹಿಡಿದಾಗೆಲ್ಲ ಅಜ್ಜಿ, ಇದಕ್ಕೆ ಪೂವಕ್ಕೆಯ ತಲೆ ಬಂದಿದೆ, ಇದೂ ಒಂದು ದಿನ ನೆರೆಗೆ ಹೋಗುತ್ತದೆ ಎನ್ನುತ್ತಿದ್ದರು. ನೀನು ಅದಕ್ಕೂ ನಗುತ್ತಿದ್ದೆ.

ಕೇಳು. ಪೂವಕ್ಕೆ ನೆರೆಗೆ ಹೋಗಲೇ ಇಲ್ಲ.

ಹೋದ ತಿಂಗಳು ನಮ್ಮ ವಕೀಲರಿಗೆ ಒಂದು ಗಡಿ ತಕರಾರಿನ ಹಳೆ ತೀರ್ಪು ಬೇಕಾಗಿತ್ತು. ದಾಖಲೆ ಕೋಣೆಯಲ್ಲಿ ಕುಳಿತು 1874ರ ದಾವೆಗಳ ರಿಜಿಸ್ಟರು ನೋಡುತ್ತಿದ್ದೆ. ಒಂದು ಪುಟದಲ್ಲಿ ಕಣ್ಣು ನಿಂತಿತು. ವಾದಿ: ನೆಲ್ಲಿಮಾರು ಮನೆ ಪೂವಕ್ಕೆ. ಪ್ರತಿವಾದಿ: ಅದೇ ಮನೆಯ ಯಜಮಾನ. ನಾನು ಎದ್ದು ನಿಂತ ರಭಸಕ್ಕೆ ಸ್ಟೂಲು ಹಿಂದೆ ಬಿತ್ತು. ಅಲ್ಲಿನ ಜವಾನ ಇದಿನಬ್ಬ ನನಗೆ ಚೇಳು ಕಡಿಯಿತೆಂದು ತಿಳಿದು ಪೊರಕೆ ಹಿಡಿದುಕೊಂಡು ಓಡಿ ಬಂದ. ವಿಷಯ ಕೇಳಿದ ಮೇಲೆ ಆ ಪುಣ್ಯಾತ್ಮನಿಗೆ ನನಗಿಂತ ಹೆಚ್ಚು ಹುರುಪು. ಗೆದ್ದಲು ಹಿಡಿದ ಕಟ್ಟುಗಳನ್ನು ಒಂದೊಂದಾಗಿ ಇಳಿಸಿ, ಕೊಡವಿ, ಮೂರನೆಯ ದಿನ ಆ ದಾವೆಯ ಕಡತವನ್ನು ಹುಡುಕಿಕೊಟ್ಟ. ತೀರ್ಪು ಇಂಗ್ಲಿಷಿನಲ್ಲಿದೆ, ಹೇಳಿಕೆಗಳೆಲ್ಲ ಕನ್ನಡದಲ್ಲಿ. ನಾನೇ ಕುಳಿತು ನಕಲು ಮಾಡಿಕೊಂಡಿದ್ದೇನೆ.

ನಡೆದದ್ದು ಇಷ್ಟು. ಇಪ್ಪತ್ತಾರರ ಪ್ರಾಯದಲ್ಲಿ ಪೂವಕ್ಕೆ ನೆರಿಯ ಊರಿನ ಮಾಯಿಲಪ್ಪ ಎಂಬವನ ಜೊತೆ ಹೋಗಿ ಸಂಸಾರ ಹೂಡಿದಳು. ಅವನ ಜಾತಿ ಯಾವುದೆಂದು ಕಾಗದದಲ್ಲಿ ಬರೆದಿದೆ. ನಮ್ಮದಲ್ಲ, ಅಷ್ಟು ಸಾಕು. ಆಗಿನ ಯಜಮಾನರು ಅವಳು ನೆರೆಗೆ ಹೋದಳೆಂದು ಊರಿಗೆ ಹೇಳಿ, ಸತ್ತವರಿಗೆ ಮಾಡುವ ಬೊಜ್ಜ ಮಾಡಿ, ಹದಿಮೂರರ ಊಟವನ್ನೂ ಹಾಕಿಸಿ ಕೈ ತೊಳೆದುಕೊಂಡರು. ನಮ್ಮದು ಅಳಿಯಸಂತಾನದ ಮನೆ. ಮನೆಯ ಹೆಣ್ಣಿಗೆ ಮನೆಯ ಅನ್ನದಲ್ಲಿ ಹಕ್ಕಿದೆ. ಪೂವಕ್ಕೆ ಆ ಹಕ್ಕಿಗೆ ಕೋರ್ಟು ಹತ್ತಿದಳು. ಯಜಮಾನರು ಏನು ಹೇಳಿಕೆ ಕೊಟ್ಟರು ಗೊತ್ತುಂಟಾ? ಎದುರಿಗೆ ನಿಂತ ಈ ಹೆಂಗಸು ಯಾರೋ ಏನೋ, ನಮ್ಮ ಪೂವಕ್ಕೆ ಸತ್ತಿದ್ದಾಳೆ, ವರ್ಷ ವರ್ಷ ಎಲೆ ಹಾಕುತ್ತಿದ್ದೇವೆ, ಅದೇ ಸಾಕ್ಷಿ.

ಅವಳ ಕಡೆಗೆ ಇದ್ದದ್ದು ಒಬ್ಬನೇ ಸಾಕ್ಷಿ. ಮನೆ ಮನೆಗೆ ಉಪ್ಪು ಮಾರುತ್ತಿದ್ದ ಉಮ್ಮರ್ ಬ್ಯಾರಿ. ಹತ್ತು ವರ್ಷ ನೆಲ್ಲಿಮಾರು ಮನೆಯ ಅಂಗಳದಲ್ಲಿ ಇವಳಿಗೇ ಉಪ್ಪು ಅಳೆದು ಕೊಟ್ಟಿದ್ದೇನೆ, ಈಗ ನೆರಿಯದಲ್ಲೂ ಕೊಡುತ್ತಿದ್ದೇನೆ ಎಂದ. ಇವಳೇ ಅವಳೆಂದು ಹೇಗೆ ಹೇಳುತ್ತೀ ಎಂದು ಎದುರು ವಕೀಲರು ಕೇಳಿದ್ದಕ್ಕೆ, ಇಷ್ಟು ಚೌಕಾಸಿ ಮಾಡುವವರು ಈ ತಾಲೂಕಿನಲ್ಲಿ ಇನ್ನೊಬ್ಬರಿಲ್ಲ, ಸತ್ತವರಂತೂ ಮಾಡುವುದೇ ಇಲ್ಲ ಎಂದ. ಇದಿನಬ್ಬನಿಗೆ ಇದನ್ನು ಮೂರು ಸಲ ಓದಿ ಹೇಳಬೇಕಾಯಿತು.

ಆಮೇಲೆ ಪೂವಕ್ಕೆಯ ಸರದಿ. ಅಗೆಲಿನ ಎಲೆಗಳ ಸಾಲು ನಿನಗೂ ಗೊತ್ತಲ್ಲ, ಕೋಣೆಯ ಬಾಗಿಲು ಹಾಕಿಯೇ ಬಡಿಸುವುದು, ಹೊರಗಿನ ಒಂದು ನರಪಿಳ್ಳೆಯೂ ಕಾಣುವಂತಿಲ್ಲ. ಅವಳು ಹತ್ತು ಜನರ ಮುಂದೆ ನಿಂತು ಆ ಸಾಲನ್ನು ಹೇಳಿದಳು. ಮೊದಲ ಎಲೆ ಯಾರಿಗೆ, ಎರಡನೆಯದು ಯಾರಿಗೆ, ಮೂರನೆಯ ಎಲೆಗೆ ಉಪ್ಪು ಹಾಕುವ ಕ್ರಮ ಯಾಕಿಲ್ಲ, ಎಲ್ಲ ಹೇಳಿದಳು. ಅವಳ ಕಡೆಯ ಮಾತು ಹೇಗಿತ್ತೋ ಹಾಗೆಯೇ ಇಳಿಸುತ್ತೇನೆ: “ಕಡೆಯ ಎಲೆ ನನ್ನದಂತೆ. ಸತ್ತ ಪೂವಕ್ಕೆಗೆ ಬಡಿಸುವ ಅನ್ನವನ್ನು ಬದುಕಿದ ಪೂವಕ್ಕೆಗೆ ಕೊಡಲಿ. ನನಗೆ ಹಸಿವು ಉಂಟು, ಅವಳಿಗೆ ಇಲ್ಲ.”

ಪ್ರಫುಲ್ಲಾ, ಇಪ್ಪತ್ತನಾಲ್ಕು ವರ್ಷಗಳಿಂದ ನಾನು ಕೋರ್ಟಿನ ಕಾಗದ ಓದುತ್ತಿದ್ದೇನೆ. ಓದುತ್ತಾ ಅತ್ತದ್ದು ಇದೇ ಮೊದಲು. ಅವಳು ಗೆದ್ದಳು. ವರ್ಷಕ್ಕೆ ಆರು ಮುಡಿ ಅಕ್ಕಿ, ಬದುಕಿರುವ ತನಕ.

ಊರಿಗೆ ಓಡಿದೆ. ಮಾವನ ಪೆಟ್ಟಿಗೆಯಲ್ಲಿದ್ದ ಮನೆಯ ಹಳೆ ಪುಸ್ತಕಗಳನ್ನೆಲ್ಲ ಹರಡಿಕೊಂಡು ಕುಳಿತೆ. ಪೂವಕ್ಕೆಯ ಹೆಸರಿನಲ್ಲಿ ಒಂದು ಕಾಳು ಅಕ್ಕಿಯ ಲೆಕ್ಕವೂ ಇಲ್ಲ. ಕೋರ್ಟಿನ ಮಾತನ್ನೂ ನುಂಗಿದರಲ್ಲ ಎಂದು ಸಿಟ್ಟಿನಿಂದ ಪುಟ ಮಗುಚುತ್ತಿದ್ದಾಗ, ಪ್ರತಿವರ್ಷವೂ ಒಂದು ಸಾಲು ಕಂಡಿತು: ನೆರಿಯದ ದೈವಕ್ಕೆ ಆರು ಮುಡಿ. 1874ರಿಂದ 1909ರವರೆಗೆ, ಒಂದು ವರ್ಷವೂ ತಪ್ಪದೆ. ನೆರಿಯದಲ್ಲಿ ನಮಗೆ ದೈವವಿಲ್ಲ. ನಮ್ಮವರ ಜಂಭ ನೋಡು. ಸತ್ತಳೆಂದು ಹೇಳಿಯಾಗಿದೆ, ಬದುಕಿದ್ದಾಳೆಂದು ಬರೆಯಲು ಕೈ ಬಾರದು. ಕಡೆಗೆ ಅವಳನ್ನು ದೈವ ಮಾಡಿ ಅಕ್ಕಿ ಕಳಿಸಿದರು. ಮೂವತ್ತಾರು ವರ್ಷ ಅನ್ನ ಕೊಟ್ಟರು, ಒಂದು ದಿನವೂ ಒಳಗೆ ಕರೆಯಲಿಲ್ಲ. ನಾನು ಚಾವಡಿಯಲ್ಲಿ ಒಬ್ಬನೇ ಕುಳಿತು ನಕ್ಕೆ. ಆಮೇಲೆ ನಗು ಬರಲಿಲ್ಲ.

ಅಮ್ಮನಿಗೆ ಎಲ್ಲವನ್ನೂ ಓದಿ ಹೇಳಿದೆ. ಅವರಿಗೀಗ ಕಣ್ಣು ಮಂಜು, ಕಿವಿ ಮಾತ್ರ ಚುರುಕು. ನೆರಿಯಕ್ಕೆ ಅಕ್ಕಿ ಮುಡಿ ಹೋಗುತ್ತಿದ್ದದ್ದು ಅವರಿಗೂ ನೆನಪಿದೆಯಂತೆ. ಅವರ ಅಜ್ಜಿ, ಪೂವಕ್ಕೆಯ ತಂಗಿ, ಆ ದಿನ ಮುಡಿಯ ಹುಲ್ಲುಕಟ್ಟಿನ ಒಳಗೆ ಗುಟ್ಟಾಗಿ ಒಂದು ರವಿಕೆ ಬಟ್ಟೆ ಇಡುತ್ತಿದ್ದರಂತೆ. ಆಮೇಲೆ ಹೇಳಿದರು: “ಪೂವಕ್ಕೆ ಬದುಕಿದ್ದಾಳೆ ಅಂತ ಹೇಳಲಿಕ್ಕೆ ಒಬ್ಬ ಉಪ್ಪಿನ ಬ್ಯಾರಿಯಾದರೂ ಇದ್ದ ಮಗಾ. ನನ್ನ ಪ್ರಫುಲ್ಲಾ ಬದುಕಿದ್ದಾಳೆ ಅಂತ ಹೇಳಲಿಕ್ಕೆ ಈ ಮನೆಯಲ್ಲಿ ಯಾರು ಉಂಟು?”

ನಾನು ಇದ್ದೇನೆ ಎಂದು ಆಗಲೇ ಹೇಳಬೇಕಾಗಿತ್ತು. ನಾಲಗೆ ಏಳಲಿಲ್ಲ. ಅದಕ್ಕೇ ಈ ಕಾಗದ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಈಗ ಬರೆಯುತ್ತಿದ್ದಾನೆ ಎಂದು ನೀನು ಬೈದರೂ ಸರಿ. ಮಾಸ್ಟ್ರಿಗೆ ನನ್ನ ನಮಸ್ಕಾರ ಹೇಳು. ಅವರು ಬರಲು ಒಪ್ಪದಿದ್ದರೆ ನಾನೇ ಬಂದು ಕರೆಯುತ್ತೇನೆ. ನಿನ್ನ ದೊಡ್ಡವಳಿಗೆ ಒಂಬತ್ತು ವರ್ಷವೆಂದು ಯಾರೋ ಹೇಳಿದರು, ಹೆಸರು ಹೇಳಲಿಲ್ಲ. ಹೆಸರು ಗೊತ್ತಿಲ್ಲದ ಮಕ್ಕಳಿಗೂ ಮಾವನ ಆಶೀರ್ವಾದ ತಲುಪುತ್ತದಲ್ಲ? ಇಬ್ಬರಿಗೂ ಆಯುಷ್ಯ, ಆರೋಗ್ಯ, ವಿದ್ಯೆ ತುಂಬಿ ಬರಲಿ. ನಿನ್ನ ಹಟ ಹಾಗೆಯೇ ಇರಲಿ.

ಇತಿ ನಿನ್ನ ಅಣ್ಣ,
ಸುಧಾಕರ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅಗೆಲಿನ ಸಾಲಿನಲ್ಲಿ ಈಗ ಕಡೆಯ ಎಲೆ ಪೂವಕ್ಕೆಯದ್ದಲ್ಲ. ಹನ್ನೊಂದು ವರ್ಷಗಳಿಂದ ಅದರ ಪಕ್ಕದಲ್ಲಿ ಇನ್ನೊಂದು ಎಲೆ ಬೀಳುತ್ತಿದೆ. ಹಾಕೆಂದು ಹೇಳಿದ್ದು ಮಾವ, ಹಾಕಿ ಬಡಿಸಿದ್ದು ನಾನು. ಓಲೆಯಲ್ಲಿ ಬೇಯಿಸಿದ ಮೂಡೆ ಕಡುಬು ಎಂದರೆ ನಿನಗೆ ಆಸೆಯೆಂದು ಉಳಿದವರಿಗಿಂತ ಎರಡು ಹೆಚ್ಚೇ ಇಡುತ್ತಿದ್ದೆ, ಅದನ್ನೇ ದೊಡ್ಡ ಪ್ರೀತಿ ಎಂದುಕೊಂಡಿದ್ದೆ. ಬಾಗಿಲ ಹೊರಗೆ ಕುಳಿತ ಅಮ್ಮನಿಗೆ ನಾನು ಎಷ್ಟು ಎಲೆ ಹಾಕಿದೆನೆಂದು ಕೇಳಿಸುತ್ತಿತ್ತು. ನೀನು ಬಂದರೂ ಬಾರದಿದ್ದರೂ ಈ ವರ್ಷ ಒಳಗೆ ಆ ಎಲೆ ಬೀಳುವುದಿಲ್ಲ. ಬಂದರೆ ಚಾವಡಿಯಲ್ಲಿ ಅಮ್ಮನ ಪಕ್ಕ ಕುಳಿತುಕೋ. ಮೂಡೆ ನಾನೇ ಬಡಿಸುತ್ತೇನೆ. ಸಾರಿಗೆ ಉಪ್ಪು ಸಾಲದು ಅಣ್ಣ ಎಂದು ನೀನು ಮೊದಲಿನ ಹಾಗೆ ಜಗಳ ತೆಗೆಯಬೇಕು, ಅದು ಅಮ್ಮನಿಗೆ ಕೇಳಿಸಬೇಕು.