ಹಿತ್ತಿಲ ಬಾಗಿಲುಗಳ ಬೀದಿ

11 ಜನವರಿ 1982, ಸೋಮವಾರ

ಮತ್ತೆ ಅದೇ. ಮಾರ್ಕೆಟ್‌ನಲ್ಲಿ ಬಸ್ ಇಳಿದು ಚಾಮರಾಜಪೇಟೆಯವರೆಗೆ ನಡಿಗೆ. ಫುಟ್‌ಪಾತ್ ಅನ್ನುವುದು ಹೆಸರಿಗೆ — ಒಂದು ಕಡೆ ಟ್ರಾನ್ಸ್‌ಫಾರ್ಮರ್, ಮುಂದೆ ಮರಳಿನ ಗುಡ್ಡೆ, ಅದರಾಚೆ ಯಾರದೋ ಸ್ಕೂಟರ್. ಕೆಳಗಿಳಿದರೆ ಬೆನ್ನ ಹಿಂದೆಯೇ ಹಾರನ್. ಲೇಡೀಸ್ ಸೈಕಲ್ ಮೇಲೆ ಒಬ್ಬ ಹುಡುಗಿ, ಸ್ಕೂಲ್ ಯೂನಿಫಾರ್ಮ್. ಬಸ್ಸು ಪಕ್ಕಕ್ಕೆ ಒತ್ತಿ ಬಂದಾಗ ಕಾಲು ಊರಿ, ಕಣ್ಣು ಮುಚ್ಚಿಕೊಂಡು ನಿಂತಳು. ಅದು ಹೋದ ಮೇಲೆ ಕಣ್ಣು ಬಿಟ್ಟು ಮತ್ತೆ ಪೆಡಲ್ ತುಳಿದಳು. ಇದು ಅವಳಿಗೆ ದಿನದ ಅಭ್ಯಾಸ ಇರಬೇಕು.

ನಮ್ಮ ಕಾರ್ಪೊರೇಷನ್ ಆಫೀಸಿನ ಯೋಜನೆ ಇಂಥವರಿಗಾಗಿಯೇ. ಎಂಜಿನಿಯರ್ ಚಕ್ರಪಾಣಿ ಸಾರ್ ಕನಸು. ಹಳೆಯ ಬಡಾವಣೆಗಳಲ್ಲಿ ಬೆನ್ನಿಗೆ ಬೆನ್ನು ಕೊಟ್ಟ ಎರಡು ಸಾಲು ಮನೆಗಳ ನಡುವೆ ಕನ್ಸರ್ವೆನ್ಸಿ ಗಲ್ಲಿ ಇದೆಯಲ್ಲ — ನೇರ, ನೆರಳು, ಎರಡು ಸೈಕಲ್ ಎದುರುಬದುರು ಹೋಗುವಷ್ಟು ಅಗಲ. ಕಸ ತುಂಬಿ ಬಿದ್ದಿದೆ. ಚಪ್ಪಡಿ ಹಾಸಿ, ದೀಪ ಹಾಕಿದರೆ, ನಡೆಯುವವರೂ ಸೈಕಲ್‌ನವರೂ ದೊಡ್ಡ ರಸ್ತೆಯನ್ನು ಮುಟ್ಟದೆ ಮಾರ್ಕೆಟ್ ಹತ್ತಿರದವರೆಗೆ ಹೋಗಬಹುದು.

ನಾನು ಟೆಂಪೊರರಿ. ಕನ್ನಡ ಎಂ.ಎ. ಮನೆಮನೆಗೆ ಹೋಗಿ ಜನರನ್ನು ಒಪ್ಪಿಸುವುದು ನನ್ನ ಕೆಲಸ. ಇದಕ್ಕೆ ನನ್ನನ್ನು ಆರಿಸಿದ್ದಾರೆ! ಬಾಗಿಲು ತಟ್ಟುವ ಮುಂಚೆ ಬೀದಿಯ ತುದಿಯಲ್ಲಿ ನಿಂತು ಮಾತು ಜೋಡಿಸಿಕೊಳ್ಳುತ್ತೇನೆ. ಬಾಗಿಲು ತೆರೆದ ಕೂಡಲೇ ಎಲ್ಲ ಮರೆತುಹೋಗುತ್ತದೆ.

ಆ ಗಲ್ಲಿ ಮೊದಲು ಯಾತಕ್ಕೆ ಇತ್ತು ಅಂತ ಆಫೀಸಿನಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ‘ಹಿಂದೆ ಸ್ಯಾನಿಟೇಷನ್‌ಗೆ ಇದ್ದದ್ದು’ ಅಂದು ಸಾರ್ ನಕ್ಷೆ ಮಡಚಿದರು. ನನಗೆ ಗೊತ್ತು. ನಮ್ಮಜ್ಜಿ ಸಿದ್ದಮ್ಮ ಆ ಗಲ್ಲಿಯಲ್ಲೇ ಬಕೆಟ್ ಹೊತ್ತವಳು. ಆ ಮನೆಗಳ ಪಾಯಖಾನೆಗೆ ಫ್ಲಷ್ ಬರುವವರೆಗೂ ಹೊತ್ತಳು. ನನ್ನ ಕೆಲಸ ಎಲ್ಲಿ ಅಂತ ಅವಳಿಗೆ ಹೇಳಿಲ್ಲ. ಅಪ್ಪ ಬೇಡ ಅಂದರು. ಅಪ್ಪ ಈಗ ಸರ್ಕಾರಿ ಗುಮಾಸ್ತ. ಹಳೆಯದನ್ನು ಮನೆಯೊಳಗೆ ತರುವುದು ಅವರಿಗೆ ಇಷ್ಟವಿಲ್ಲ.

13 ಜನವರಿ

ಜಾನಕಮ್ಮನವರ ಮನೆ. ಮೇಷ್ಟರ ಹೆಂಡತಿ, ಮೇಷ್ಟರು ತೀರಿಹೋಗಿ ಈಗ ಒಬ್ಬರೇ. ಇಡೀ ಗಲ್ಲಿಗೆ ಇವರ ಮನೆಯೇ ಗಂಟಲ ಮುಳ್ಳು. ಫ್ಲಷ್ ಬಂದ ಮೇಲೆ ಗಲ್ಲಿ ಖಾಲಿ ಬಿತ್ತಲ್ಲ, ಆಗ ಮೇಷ್ಟರು ಹಿತ್ತಿಲ ಬಾಗಿಲ ಪಕ್ಕ ಗಲ್ಲಿಯ ಮೇಲೇ ಒಂದು ಸೌದೆ ಕೋಣೆ ಕಟ್ಟಿಸಿಬಿಟ್ಟಿದ್ದಾರೆ. ಮೈ ಕಿರಿದು ಮಾಡಿಕೊಂಡರೆ ಒಬ್ಬರು ದಾಟಬಹುದು. ಸೈಕಲ್ ಆಗುವುದೇ ಇಲ್ಲ. ಆರ್ಡರ್ ತಂದು ಒಡೆಸಬಹುದು, ಆದರೆ ಅವರು ಕೋರ್ಟಿಗೆ ಹೋದರೆ ಮಾರ್ಚ್ ದಾಟುತ್ತದೆ, ಈ ವರ್ಷದ ದುಡ್ಡು ವಾಪಸ್ ಹೋಗುತ್ತದೆ. ಹಾಗಾಗಿ ಅವರು ಒಪ್ಪಿದರೆ ದಾರಿ. ಇಲ್ಲದಿದ್ದರೆ ಇಲ್ಲ.

ಒಳ್ಳೆಯ ಹೆಂಗಸು. ಜಗುಲಿಯಲ್ಲಿ ಕೂರಿಸಿ ಕಾಫಿ ಕೊಟ್ಟರು. ಲೋಟ ಎತ್ತಿ ಕುಡಿಯಬೇಕೋ, ಕಚ್ಚಿ ಕುಡಿಯಬೇಕೋ? ಎತ್ತಿ ಕುಡಿದೆ. ಹೆಸರು ಕೇಳಿದರು. ಯಶೋಧರಾ ಅಂದೆ. ಎಷ್ಟು ಚೆನ್ನಾಗಿದೆ ಅಂದರು. ಹೆಸರಿನಿಂದ ಏನೂ ಗೊತ್ತಾಗುವುದಿಲ್ಲ; ಬುದ್ಧನ ಮೇಲಿನ ಭಕ್ತಿಯ ಜೊತೆಗೆ ಅಪ್ಪನಿಗೆ ಈ ಲೆಕ್ಕವೂ ಇತ್ತೇನೋ.

ಆಮೇಲೆ ಕೇಳಿಯೇ ಕೇಳಿದರು. “ನೀವು ಯಾವ ಪೈಕಿಯಮ್ಮ?”

“ಬೆಂಗಳೂರಿನೋರೇ” ಅಂದುಬಿಟ್ಟೆ.

ನಕ್ಕರು. ತಮಾಷೆ ಅಂದುಕೊಂಡರು. ನಾಳೆ ಹಬ್ಬ, ಎಳ್ಳು ಇಸ್ಕೊಂಡು ಹೋಗು ಅಂದರು.

14 ಜನವರಿ, ಸಂಕ್ರಾಂತಿ

ರಜೆ. ಆದರೂ ಹೋದೆ. ಎಳ್ಳು, ಸಕ್ಕರೆ ಅಚ್ಚು, ಒಂದು ಕಬ್ಬಿನ ತುಂಡು. ಜಾನಕಮ್ಮ ತಾಯಿಯ ಹಾಗೆ ಕೊಟ್ಟರು. ವಾಪಸ್ ಬರುವಾಗ ಚೀಲ ಭಾರ ಅನಿಸಿತು.

ಮನೆಯಲ್ಲಿ ಅಜ್ಜಿಯ ಕೈಗೆ ಪೊಟ್ಟಣ ಇಟ್ಟೆ. ಬಿಚ್ಚಿ, ಒಂದು ಚೂರು ಕೊಬ್ಬರಿ ಬಾಯಿಗೆ ಹಾಕಿಕೊಂಡು, ಯಾರ ಮನೆಯದು ಅಂದಳು. ಸುಳ್ಳು ಹೇಳಲಾಗಲಿಲ್ಲ. ಬೀದಿ ಹೇಳಿದೆ, ಮೇಷ್ಟರ ಮನೆ ಅಂದೆ. ಅಗಿಯುತ್ತಲೇ ಇದ್ದಳು.

“ನಂಗೆ ಹಿತ್ಲ ಗೋಡೆ ಮ್ಯಾಲೆ ಇಡೋರು ಹಬ್ಬಕ್ಕೆ. ಆವಮ್ಮ ಕೊಬ್ರಿ ಜಾಸ್ತಿ ಆಕೋದು.”

ಆಮೇಲೆ ಎಲ್ಲ ಕೇಳಿದಳು. ಯಾವ ಗಲ್ಲಿ, ಏನು ಹಾಸುತ್ತಾರೆ, ದೀಪ ಬರುತ್ತದಾ. ಹೇಳಿದೆ. ಇನ್ನು ಆ ಗಲ್ಲಿಯಲ್ಲಿ ಯಾರು ನಡೆಯುತ್ತಾರೆ ಅಂತ ಕೇಳಿದಳು. ಎಲ್ಲರೂ ಅಂದೆ. ಬಹಳ ಹೊತ್ತು ನಕ್ಕಳು. ಅಪ್ಪ ಪೇಪರಿನ ಹಿಂದಿನಿಂದ ಒಂದು ಸಲ ನನ್ನ ಕಡೆ ನೋಡಿದರು.

29 ಜನವರಿ

ಜಾನಕಮ್ಮ ಒಪ್ಪಿದರು!

ಇವರ ಭಯ ಸೌದೆಯದ್ದಲ್ಲ. ಹಿಂದೆ ಯಾರ್ಯಾರೋ ತಿರುಗುತ್ತಾರೆ, ಅಡಿಗೆಮನೆ ಪಕ್ಕದಲ್ಲೇ, ಮಡಿ ಬಟ್ಟೆ ಒಣಹಾಕುವ ಜಾಗ ಅನ್ನುವುದು. ಸ್ಕೂಲ್ ಹುಡುಗಿಯರ ಬಗ್ಗೆ ಹೇಳಿದೆ. ಕಣ್ಣು ಮುಚ್ಚಿ ನಿಂತ ಆ ಹುಡುಗಿಯ ಬಗ್ಗೆ ಹೇಳಿದೆ. ಅಷ್ಟು ಮಾತಾಡಿದೆನೆಂದು ನನಗೇ ಆಶ್ಚರ್ಯ. ಕೇಳುತ್ತಾ ಕೇಳುತ್ತಾ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

“ಆಯ್ತು, ಒಡೆಸ್ಕೊಳ್ಳಿ. ನಿನ್ನಂಥೋರು ಓಡಾಡೋ ಹಾಗಿದ್ರೆ ನಂದೇನೂ ತಕರಾರಿಲ್ಲಮ್ಮ.”

ಶಿವರಾತ್ರಿ ಕಳೆದ ಮೇಲೆ ಸೌದೆ ಕೋಣೆಯ ಗೋಡೆ ಮುಟ್ಟಿ ಅಂದರು.

ಆಫೀಸಿನಲ್ಲಿ ಸಾರ್ ಎಲ್ಲರಿಗೂ ಬಾದಾಮ್ ಹಾಲು ತರಿಸಿದರು. ಸಾಹಿತ್ಯ ಓದಿದ್ದು ಕೆಲಸಕ್ಕೆ ಬಂತು ನೋಡ್ರಿ ಅಂದರು. ಎಲ್ಲ ನಕ್ಕರು. ನಾನೂ.

ನಿನ್ನಂಥೋರು. ಆ ಮಾತಿಗೆ ಗೋಣು ಆಡಿಸಿ ಬಂದೆ. ದಾರಿ ಬೇಕಿತ್ತು — ಅದಕ್ಕೆ. ಇದು ಸುಳ್ಳೋ ಅಲ್ಲವೋ…

21 ಫೆಬ್ರವರಿ, ಭಾನುವಾರ

ಈಗಷ್ಟೇ ಮನೆಗೆ ಬಂದು ಬರೆಯುತ್ತಿದ್ದೇನೆ.

ಮೂರು ವಾರದಲ್ಲಿ ಕಸ ಎತ್ತಿ, ಚರಂಡಿ ಮುಚ್ಚಿ, ಒಂದು ತುದಿಯಿಂದ ಸೌದೆ ಕೋಣೆಯವರೆಗೂ ಚಪ್ಪಡಿ ಹಾಸಿದ್ದಾರೆ. ಅಷ್ಟರಲ್ಲೇ ಸಂಜೆ ಜನ ಅಡ್ಡಾಡಲು ಶುರು ಮಾಡಿದ್ದಾರೆ. ಅಜ್ಜಿ ದಿನಾ ಪೀಡಿಸುತ್ತಿದ್ದಳು. ಇವತ್ತು ಕರೆದುಕೊಂಡು ಹೋದೆ. ಅಪ್ಪ ಮೆಜೆಸ್ಟಿಕ್ ಕಡೆ ಹೋಗಿದ್ದರು, ಕೇಳುವವರಿರಲಿಲ್ಲ.

ಗಲ್ಲಿಯ ಬಾಯಲ್ಲಿ ಅಜ್ಜಿ ಚಪ್ಪಲಿ ಬಿಟ್ಟಳು. ಹಾಕಿಕೋ ಅಂತ ಬೈದು ಹಾಕಿಸಿದೆ. ಮಧ್ಯದ ಚಪ್ಪಡಿಯ ಮೇಲೆ ನಡೆಸಿದರೂ ಸ್ವಲ್ಪ ಹೊತ್ತಿಗೆ ಗೋಡೆಯ ಅಂಚಿಗೆ ಸರಿದಿರುತ್ತಿದ್ದಳು. ಇಬ್ಬರು ಹುಡುಗರು ಸೈಕಲ್ಲಿನಲ್ಲಿ ಬೆಲ್ ಮಾಡುತ್ತಾ ಬಂದು, “ಸೈಡಜ್ಜೀ” ಅಂದು ದಾಟಿದರು. ಅವಳಿಗೆ ಖುಷಿಯೋ ಖುಷಿ. “ನೋಡ್ದಾ, ನನ್ ಕೇಳ್ಕಂಡು ಓಗ್ತಾವೆ” ಅಂದಳು.

ಜಾನಕಮ್ಮನವರ ಹಿತ್ತಿಲು ಬಂತು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಪಾತ್ರೆ ತೊಳೆಯುವ ಸದ್ದು. ನನ್ನ ಗಮನ ಸೌದೆ ಕೋಣೆಯ ಮೇಲೆ. ಸಂದಿಯಲ್ಲಿ ಅಜ್ಜಿಯನ್ನು ಹೇಗೆ ದಾಟಿಸುವುದು ಅಂತ. ಅಷ್ಟರಲ್ಲಿ ಪಕ್ಕದಿಂದ ಒಂದು ಧ್ವನಿ. ಅಜ್ಜಿಯದು, ಆದರೆ ನಾನು ಯಾವತ್ತೂ ಕೇಳದ ಧ್ವನಿ. ಎಳೆದು, ಮೇಲಕ್ಕೆತ್ತಿ —

“ಬಂದೇ ಕಣ್ರವ್ವೋ…”

ಅವಳು ಬೇಕೆಂದು ಕೂಗಿದ್ದಲ್ಲ. ಹಾಗೆ ಕೂಗದೆ ಹಿತ್ತಿಲ ಬಾಗಿಲು ದಾಟುವ ಹಾಗಿರಲಿಲ್ಲವಂತೆ ಆಗ. ಕೂಗಬೇಕು, ಒಳಗಿನವರು ಸರಿಯಬೇಕು. ಆ ಜಾಗಕ್ಕೆ ಕಾಲಿಟ್ಟದ್ದೇ ಬಾಯಿ ತಾನಾಗಿ ತೆರೆದಿತ್ತು.

ಒಳಗೆ ಪಾತ್ರೆಯ ಸದ್ದು ನಿಂತಿತು. ಓಡಿಬಂದ ಹೆಜ್ಜೆ. ಬಾಗಿಲು ಮುಚ್ಚಿತು. ಚಿಲಕ ಬಿತ್ತು.

ಅವರೂ ಬೇಕೆಂದು ಮಾಡಿದ್ದಲ್ಲ. ಇದು ನನಗೆ ಖಚಿತ. ಕೈಗೆ ಗೊತ್ತಿದ್ದ ಕೆಲಸ.

ಅಜ್ಜಿ ಬಾಯಿಯ ಮೇಲೆ ಸೆರಗು ಒತ್ತಿಕೊಂಡು ನನ್ನ ಕಡೆ ನೋಡಿದಳು. ತಪ್ಪು ಮಾಡಿದ ಮಗುವಿನ ಹಾಗೆ. ಬಾಗಿಲಿನ ಆ ಕಡೆ ಅವರು ನಿಂತೇ ಇದ್ದರು, ಉಸಿರು ಕೇಳುತ್ತಿತ್ತು.

ಸುಮ್ಮನೆ ಅಜ್ಜಿಯ ಕೈ ಹಿಡಿದು ವಾಪಸ್ ನಡೆದುಬಿಟ್ಟಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಶಿವರಾತ್ರಿ ನಾಳೆ. ನಾಡಿದ್ದು ಗೋಡೆ ಬೀಳುತ್ತಿತ್ತು. ದಾರಿ ಆಗುತ್ತಿತ್ತು. ಇಷ್ಟನ್ನೂ ಯೋಚಿಸಿದೆ. ಅಜ್ಜಿ ಆಗಲೇ ತಿರುಗಿ ಹೆಜ್ಜೆ ಹಾಕಿದ್ದಳು, ಗೋಡೆ ಸವರಿಕೊಂಡು.

ಅದನ್ನು ನೋಡಲಾಗಲಿಲ್ಲ.

“ಜಾನಕಮ್ಮನವರೇ, ನಾನು ಯಶೋಧರಾ. ಜೊತೇಲಿರೋದು ನಮ್ಮಜ್ಜಿ.”

ಖಂಡಿತ ಕೇಳಿಸಿರುತ್ತದೆ. ಕಾದೆವು. ಬಾಗಿಲು ತೆರೆಯಲಿಲ್ಲ.

ಬಸ್ಸಿನಲ್ಲಿ ಅಜ್ಜಿ ಒಂದೇ ಮಾತು ಆಡಿದಳು. “ಯಾಕ್ ಯೋಳ್ದೆ ಮಗಾ, ಕೆಲ್ಸ ಕೆಟ್ಟೋಯ್ತದೆ.”

23 ಫೆಬ್ರವರಿ

ಕೆಟ್ಟೇಹೋಯಿತು. ಬೆಳಿಗ್ಗೆಯೇ ಜಾನಕಮ್ಮ ಹೇಳಿಕಳಿಸಿದ್ದಾರೆ — ಸದ್ಯಕ್ಕೆ ಗೋಡೆ ಮುಟ್ಟಬೇಡಿ.

ಸಾರ್ ನನ್ನನ್ನು ಕರೆದು ಏನಾಯಿತು ಅಂದರು. ಹೇಳಿದೆ. ಅಜ್ಜಿ ಯಾರು, ನಾನು ಯಾರು, ಎಲ್ಲ. ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. ನಾನು ಅಂಥ ಭಾವನೆಯವನಲ್ಲ, ನಿಮಗೆ ಗೊತ್ತಲ್ಲ ಅಂದರು. ಗೊತ್ತು ಅಂದೆ. ನಿಜವಾಗಿಯೂ ಅವರು ಅಂಥವರಲ್ಲ. ಒಂದೇ ಡಬ್ಬಿಯಲ್ಲಿ ಊಟ ಹಂಚಿಕೊಂಡಿದ್ದೇವೆ.

ಆಮೇಲೆ ಮೆತ್ತಗೆ, “ಆದ್ರೂ, ಗೋಡೆ ಬಿದ್ಮೇಲೆ ಅಜ್ಜೀನ ಕರ್ಕೊಂಡು ಹೋಗಿದ್ರೆ ಆಗ್ತಿರ್ಲಿಲ್ವಾ?”

ಉತ್ತರ ನನಗೆ ಬಸ್ ಸ್ಟಾಪಿನಲ್ಲಿ ಬಂತು. ಗೋಡೆ ಬಿದ್ದ ಮೇಲೂ ಅಜ್ಜಿ ಕೂಗುತ್ತಿದ್ದಳು ಸಾರ್. ಚಿಲಕವೂ ಬೀಳುತ್ತಿತ್ತು. ನಾವು ಚಪ್ಪಡಿ ಹಾಸಿದ್ದೇವೆ ಅಷ್ಟೆ…

4 ಮಾರ್ಚ್

ಎಂಟು ದಿನ ಏನೂ ಬರೆಯಲಿಲ್ಲ. ಬರೆಯುವುದೂ ಏನಿರಲಿಲ್ಲ. ಗಲ್ಲಿ ಸೌದೆ ಕೋಣೆಯವರೆಗೆ ಬಂದು ನಿಂತಿದೆ. ಸೈಕಲ್‌ನವರು ಅಲ್ಲಿಯವರೆಗೆ ಬಂದು, ಬೈದುಕೊಂಡು, ತಿರುಗಿಸಿಕೊಂಡು ಹೋಗುತ್ತಾರೆ. ಅಪ್ಪನಿಗೆ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ನನ್ನ ತಟ್ಟೆಗೆ ಇನ್ನೊಂದು ತುತ್ತು ಅನ್ನ ಹಾಕಿದರು.

ಇವತ್ತು ಸಾರ್ ಟೇಬಲ್ಲಿಗೇ ಬಂದರು. ಜಾನಕಮ್ಮ ಮತ್ತೆ ಹೇಳಿಕಳಿಸಿದ್ದಾರೆ. ಭಾನುವಾರ ಬೆಳಿಗ್ಗೆ ನಾನು ಬರಬೇಕಂತೆ, ಅಜ್ಜಿಯನ್ನೂ ಕರೆದುಕೊಂಡು. ಗೋಡೆಯ ಮಾತು ಅವತ್ತೇ ಹೇಳುತ್ತಾರಂತೆ. ಅಷ್ಟೇ. ಕೋಪವೋ, ಇನ್ನೊಂದೋ, ಹೇಳಿಕಳಿಸಿದ ಮಾತಿನಲ್ಲಿ ಗೊತ್ತಾಗುವುದಿಲ್ಲ.

7 ಮಾರ್ಚ್, ಭಾನುವಾರ, ಬೆಳಿಗ್ಗೆ

ಅಜ್ಜಿ ನಸುಕಿಗೇ ತಲೆಗೆ ನೀರು ಹಾಕಿಕೊಂಡಿದ್ದಾಳೆ. ಅಪ್ಪನ ಮದುವೆಯಲ್ಲಿ ಉಟ್ಟ ಸೀರೆ.

ಗಲ್ಲಿಯಿಂದಲೇ ಹೋಗೋಣ ಅಂದೆ. ರಾತ್ರಿಯೆಲ್ಲ ಯೋಚಿಸಿ ಅದನ್ನೇ ನಿರ್ಧರಿಸಿದ್ದೆ. ನಾವೇ ಹಾಕಿದ ದಾರಿ, ಈ ಸಲ ನಡುಮಧ್ಯೆ ನಡೆದು, ಕೂಗದೆ, ಆ ಬಾಗಿಲನ್ನೇ ತಟ್ಟಬೇಕು ಅಂತ. ದೊಡ್ಡ ರಸ್ತೆಯಲ್ಲಿ ಬಸ್ಸುಗಳ ಮಧ್ಯೆ ಅಜ್ಜಿಯನ್ನು ದಾಟಿಸುವುದೂ ಕಷ್ಟ. ಎಲ್ಲ ವಿವರಿಸಿ ಹೇಳಿದೆ.

ತಲೆ ಒರೆಸಿಕೊಳ್ಳುತ್ತಾ ಪೂರ್ತಿ ಕೇಳಿಸಿಕೊಂಡಳು.

“ದೊಡ್ ರೋಡಿಂದಾನೇ ಓಗಾನ. ಮುಂದ್ಲ ಬಾಗ್ಲಿಗೆ.”

ಜಾನಕಮ್ಮ ಯಾವ ಬಾಗಿಲು ಅಂತ ಹೇಳಿಲ್ಲ ಅಜ್ಜಿ, ಮುಂದೆ ಹೋಗಿ ನಿಂತು ಏನಾದರೂ ಅಂದುಬಿಟ್ಟರೆ ಅಂದೆ.

“ಅಂದ್ರೆ ಅನ್ಲಿ. ಅಷ್ಟ್ ವರ್ಷ ದುಡ್ದಿದೀನಿ, ಆ ಮನೆ ಮೊಕ ಎಂಗೈತೆ ಅಂತ ನಾನ್ ನೋಡೇ ಇಲ್ಲ ಕಣವ್ವ.”

ಅಪ್ಪ ಒಳಗಿನಿಂದ ಬಂದು ಶರಟು ಹಾಕಿಕೊಳ್ಳುತ್ತಿದ್ದಾರೆ. ನಾನು ಕರೆದಿಲ್ಲ. ಅಜ್ಜಿ ಹೊಸಿಲು ದಾಟಿ ಆಗಲೇ ಬೀದಿಯಲ್ಲಿದ್ದಾಳೆ, ನನ್ನ ಹೆಸರು ಹಿಡಿದು ಕರೆಯುತ್ತಿದ್ದಾಳೆ. ಹೋಗಿ ಬಂದು ಮಿಕ್ಕಿದ್ದು ಬರೆಯುತ್ತೇನೆ.